ಮೆಣಸಿನಕಾಯಿ ಚೀಲದ ಮೇಲೆ ಬಿದ್ದ ಎಂಜಿನ್ನು

ನಂಬಬೇಡಿ, ನೋಡೋಣ ನಿಮ್ಮಿಂದ ಆಗುತ್ತದೆಯೋ ಇಲ್ಲವೋ. ನನ್ನ ಮಾತು ನಂಬುವುದಿಲ್ಲ ಎಂದು ಎದೆ ಸೆಟೆಸಿಕೊಂಡು ಬಂದವರು ಈ ಹಾವೇರಿಯಲ್ಲಿ ಬಹಳ ಮಂದಿ. ನನ್ನ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಕತೆ ಕೇಳಿ, ಎದ್ದು ಹೋಗುವಾಗ ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಂಡು ಹೋಗಿದ್ದಾರೆ. ಅಷ್ಟು ತಲೆ ತಿರುಗಿರುತ್ತದೆ ಅವರಿಗೆ. ಚಪ್ಪಲಿ ಅದಲುಬದಲು ಮಾಡಿಟ್ಟವನು ನಾನೇ ಎಂಬುದು ಬೇರೆ ಮಾತು.

ಮೊನ್ನೆ ನಮ್ಮ ಮನೆಯೆದುರಿನ ಪಂಕ್ಚರ್ ಅಂಗಡಿಯವನು ಹಳೆಯ ಟೈರಿನ ತುಂಡಿಗೆ ಕೆಂಪಗೆ ಕಾಯಿಸಿದ ಸರಳು ಚುಚ್ಚಿ ತೂತು ಹಾಕುತ್ತಿದ್ದ. ಅದೇ ಹೊತ್ತಿಗೆ ಒಳಗೆ ಸೊಸೆ ಒಗ್ಗರಣೆಗೆ ಮೆಣಸಿನಕಾಯಿ ಮುರಿದು ಹಾಕಿದಳು. ಸುಟ್ಟ ರಬ್ಬರು, ಸುಟ್ಟ ಮೆಣಸಿನಕಾಯಿ ಎರಡೂ ಕೂಡಿ ಮೂಗಿಗೆ ಹೊಡೆದವು. ಕೂತಲ್ಲೇ ಸೀನಿದೆ. ಸೀನಿ ಕಣ್ಣು ತೆರೆಯುವಷ್ಟರಲ್ಲಿ ನಮ್ಮ ಅತ್ತೆ ಒನಕೆ ಹಿಡಿದು ಎದುರಿಗೆ ನಿಂತಂತಾಯಿತು...

ಬ್ಯಾಡಗಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಅವಳು. ಪ್ರೀತಿ ಬಂದರೂ ಹೊಡೆಯುವಳು, ಸಿಟ್ಟು ಬಂದರೂ ಹೊಡೆಯುವಳು. ಯಾವುದು ಯಾವುದೆಂದು ಹೊಡೆಸಿಕೊಂಡವನಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಹಿತ್ತಲಿಗೆ ನುಗ್ಗಿದ ಕಳ್ಳನನ್ನು ಹಿಡಿದು, ನಾಲ್ಕು ಬಿಗಿದು, ಬೀಸುವ ಕಲ್ಲಿಗೆ ಕಟ್ಟಿ, ಅವನಿಂದಲೇ ಜೋಳ ಬೀಸಿಸಿ, ಆ ಹಿಟ್ಟಿನ ರೊಟ್ಟಿ ತಿನ್ನಿಸಿ ಕಳಿಸಿದ್ದಳು. ಆ ಕಳ್ಳ ಮುಂದೆ ಅವಳ ಓಣಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ. ನಾನೂ ಹಾಗೆಯೇ ನಡೆಯುತ್ತಿದ್ದೆ.

ಅವಳ ಗಂಡ, ನಮ್ಮ ಮಾವ, ಮೆಣಸಿನಕಾಯಿ ದಲಾಲ. ಬಹಳ ಮೆತ್ತನೆಯ ಮನುಷ್ಯ. ಅವನಿಗೆ ಜೀವನದಲ್ಲಿ ಒಂದೇ ಹುಚ್ಚು ಹಿಡಿಯಿತು: ಯಾರೋ ಸಂಸ್ಥಾನಿಕರು ಬಳಸಿ ಬೇಸರವಾಗಿ ಮಾರಿದ ವಿಲಾಯತಿ ಕಾರೊಂದನ್ನು ಕೊಂಡು ತಂದ. ಎಮ್ಮೆಯನ್ನು ಮಲಗಿಸಿದಷ್ಟು ಉದ್ದದ ಮೂತಿ, ಕೊಪ್ಪರಿಗೆಯಂಥ ದೀಪಗಳು, ಒಳಗೆ ಕೂತರೆ ಎದ್ದೇಳಲು ಮನಸ್ಸು ಬಾರದಂಥ ತೊಗಲಿನ ಗಾದಿ. ಅತ್ತೆಯನ್ನು ಮುಂದೆ, ತನ್ನ ಬಗಲಲ್ಲೇ ಕೂರಿಸಿಕೊಂಡು ಗುತ್ತಲಕ್ಕೆ, ಅಂದರೆ ಅವಳ ತವರಾದ ನಮ್ಮ ಮನೆಗೆ ಬರುತ್ತಿದ್ದ. ಆಗೆಲ್ಲ ಗಂಡ ಹೆಂಡತಿ ಒಟ್ಟಿಗೆ ಕೂತು ಬರುವುದೇ ಒಂದು ತಮಾಷೆ. ಊರಿನ ಜನ ಕೆಲಸ ಬಿಟ್ಟು ನೋಡುತ್ತಿದ್ದರು.

ಯುದ್ಧದ ಕಾಲದಲ್ಲಿ ಮಾವ ಜ್ವರ ಬಂದು ಸತ್ತ. ಅತ್ತೆ ಒಳಗಿನ ಕತ್ತಲೆ ಖೋಲಿ ಸೇರಿದಳು. ವರ್ಷ ತುಂಬಿದ ಮೇಲೂ ಅವಳನ್ನು ಹೊರಗೆ ಬಿಡಲಿಲ್ಲ. ಬಿಡದವನು ಮಾವನ ಅಣ್ಣ. ನಾವು ಅವನನ್ನು ದೊಡ್ಡ ಮಾವ ಎನ್ನುತ್ತಿದ್ದೆವು. ತವರಿಗೆ ಹೋಗಿಬರುತ್ತೇನೆ ಎಂದು ಅತ್ತೆ ಹೇಳಿ ಕಳಿಸಿದಾಗಲೆಲ್ಲ ಎತ್ತಿಗೆ ಕೊಂಬು ನೋವು, ಗಾಡಿಗೆ ಅಚ್ಚು ಸಡಿಲ, ಆಳಿಗೆ ಹೊಟ್ಟೆಶೂಲೆ. ಕೊನೆಗೆ ಪಾಲಾಗುವ ಮಾತು ಬಂದಾಗ ಅತ್ತೆ ಹೊಲ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಕಾರು ಕೇಳಿದಳು. ದೊಡ್ಡ ಮಾವನಿಗೂ ಅದೇ ಬೇಕಿತ್ತು. ಮೇಡ್ಲೇರಿಯ ಹೊಳೆದಂಡೆಯಲ್ಲಿ ಅವನಿಗೆ ಹೊಲವಿತ್ತು. ಕಾರಿನ ಎಂಜಿನ್ನು ಕಿತ್ತು ಅಲ್ಲಿ ನೀರೆತ್ತಲು ಹೂಡಬೇಕು ಎಂದು ಲೆಕ್ಕ ಹಾಕಿದ್ದ.

ಪಂಚರು ಕೂತರು. ಅವರ ಹಿರಿಯನಿಗೆ ಕಾರಿನ ವಿಷಯ ಏನೂ ಗೊತ್ತಿರಲಿಲ್ಲ. ದನದ ವಿಷಯ ಗೊತ್ತಿತ್ತು. ನಮ್ಮಲ್ಲಿ ದನ ಪಾಲಾಗುವಾಗ ಒಂದು ಪದ್ಧತಿ: ಪಾಲಿಗೆ ಬಂದ ದನ ತನ್ನ ಕಾಲ ಮೇಲೆ ತಾನೇ ನಡೆದು ಹಟ್ಟಿಯಿಂದ ಹೊರಬೀಳಬೇಕು. ಏಳಲಾರದೆ ಮಲಗಿದ್ದು ಹಟ್ಟಿಯ ಯಜಮಾನನಿಗೇ ಉಳಿಯಿತು. ಹಿರಿಯ ಅದನ್ನೇ ಕಾರಿಗೂ ಹಚ್ಚಿದ.

"ಬರೂ ಸನಿವಾರ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿ, ಸುತ್ತ ಹಾಕಿ, ತಿರುಗಿ ಬರ್ಲಿ. ಯಾರೂ ನೂಕಬಾರ್ದು, ಎತ್ತು ಹೂಡಬಾರ್ದು. ಬಂತಂದ್ರ ತಂಗೀದು. ಬರ್ಲಿಲ್ಲಂದ್ರ ಅಣ್ಣಂದು."

ದೊಡ್ಡ ಮಾವ ಮೀಸೆಯಡಿಯಲ್ಲಿ ನಕ್ಕ. ಯಾಕೆಂದರೆ ಆ ಕಾರಿನ ಸ್ಥಿತಿ ಅವನಿಗೆ ಗೊತ್ತಿತ್ತು.

ಎಂಜಿನ್ನು ಎಂದರೆ ಕಬ್ಬಿಣದ ಮುದ್ದೆ. ಅದನ್ನು ಗಾಡಿಯ ಚಾಸಿಯ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಹಾಗೇ ಕೂರಿಸುವುದಿಲ್ಲ. ನಡುವೆ ದಪ್ಪ ರಬ್ಬರಿನ ಗದ್ದಿಗೆಗಳಿರುತ್ತವೆ. ಮೆಕ್ಯಾನಿಕ್ಕರು ಅದಕ್ಕೆ ಫೌಂಡೇಷನ್ ಎನ್ನುತ್ತಾರೆ. ಎಂಜಿನ್ನಿನ ಗುದ್ದಾಟವನ್ನೆಲ್ಲ ಆ ರಬ್ಬರು ನುಂಗಿಕೊಳ್ಳಬೇಕು. ಈ ಕಾರಿನಲ್ಲಿ ಅದು ಎಣ್ಣೆ ಕುಡಿದು, ಬಿಸಿಲಿಗೆ ಬಿರಿದು, ಕೊಳೆತ ಬೆಲ್ಲದಂತಾಗಿತ್ತು. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದರೆ ಮೈಮೇಲೆ ದೇವರು ಬಂದಂತೆ ಕಾರು ಕುಣಿಯುತ್ತಿತ್ತು. ದೀಪಗಳು ಕಣ್ಣು ಮಿಟುಕಿಸುತ್ತಿದ್ದವು, ಬಾಗಿಲು ತಾನೇ ತೆರೆದು ಪಕ್ಕದಲ್ಲಿದ್ದವನ ಮೊಣಕಾಲಿಗೆ ಬಡಿಯುತ್ತಿತ್ತು, ಗೇರಿನ ಕೋಲು ನಡೆಸುವವನ ತೊಡೆಗೆ ಏಟಿನ ಮೇಲೆ ಏಟು ಹಾಕುತ್ತಿತ್ತು. ಒಮ್ಮೆ ಫ್ಯಾನಿನ ಎಲೆ ರೇಡಿಯೇಟರಿಗೆ ತಾಗಿ ಕುದಿಯುವ ನೀರು ಚಿಮ್ಮಿ ಒಬ್ಬ ಆಳಿನ ಮೋರೆ ಸುಟ್ಟಿತ್ತು. ಬ್ಯಾಡಗಿಯ ಜನ ಕಾರೆಂದರೆ ಹೀಗೇ ಇರುತ್ತದೆ ಎಂದು ತಿಳಿದಿದ್ದರು. ಅವರು ನೋಡಿದ್ದು ಅದೊಂದೇ. ಅಷ್ಟು ಕುಣಿದರೆ ಕದರಮಂಡಲಗಿ ದೂರವಿರಲಿ, ಊರ ಅಗಸೆಬಾಗಿಲು ದಾಟುವ ಮೊದಲೇ ಏನಾದರೂ ಮುರಿದು ನಿಲ್ಲುವುದು ಖಂಡಿತ.

ಆಗ ನಾನು ರಾಣೆಬೆನ್ನೂರಿನ ಒಂದು ಮೋಟಾರು ಶೆಡ್ಡಿನಲ್ಲಿದ್ದೆ. ಮದುವೆಯ ವಯಸ್ಸು, ಮೀಸೆಗೆ ದಿನಾ ಎಣ್ಣೆ. ಎಂಜಿನ್ನು ಬಿಚ್ಚಿ ಜೋಡಿಸುವುದರಲ್ಲಿ ಸುತ್ತ ನನ್ನ ಸಮ ಯಾರೂ ಇರಲಿಲ್ಲ. ಜೋಡಿಸಿ ಮುಗಿದ ಮೇಲೆ ಒಂದೆರಡು ಬೋಲ್ಟು ಯಾವಾಗಲೂ ಕೈಯಲ್ಲಿ ಉಳಿಯುತ್ತಿದ್ದವು. ಕಂಪನಿಯವರು ದಂಡಕ್ಕೆ ಹಾಕಿದ್ದನ್ನು ನಾನು ಉಳಿಸಿದೆ ಎಂದು ಹೇಳುತ್ತಿದ್ದೆ. ಅತ್ತೆ ಹೇಳಿಕಳಿಸಿದ ಕೂಡಲೇ ಜಾಕು, ಬೋಲ್ಟು ಬಿಚ್ಚುವ ಪಾನಾ, ಮಿಲಿಟರಿ ಲಾರಿಯ ಸತ್ತ ಟೈರಿನ ದೊಡ್ಡದೊಂದು ತುಂಡು ಹೊತ್ತುಕೊಂಡು ಬ್ಯಾಡಗಿಗೆ ಹೋದೆ. ಆಗ ಹೊಸ ರಬ್ಬರು ಎಲ್ಲಿಯೂ ಸಿಗುತ್ತಿರಲಿಲ್ಲ, ಎಲ್ಲ ಯುದ್ಧಕ್ಕೆ ಹೋಗುತ್ತಿತ್ತು.

ಹೊಸ್ತಿಲಲ್ಲೇ ಕಪಾಳಕ್ಕೆ ಬಿತ್ತು.

"ಬಾ ಅಂದ್ರ ಇಷ್ಟ ಹೊತ್ತಿಗೆ ಬರ್ತಿಯೇನೋ ಮಂಗ್ಯಾ? ಸನಿವಾರ ನಿನ್ನ ಸಲುವಾಗಿ ನಿಂತಿರತೈತೇನು?"

"ಬಸ್ ಸಿಗಲಿಲ್ಲ ಅತ್ತಿ..."

"ಬಸ್ ರಿಪೇರಿ ಮಾಡಾವ ನೀ, ನಿನಗ ಬಸ್ ಸಿಗಲಿಲ್ಲ!" ಇನ್ನೊಂದು ಬಿತ್ತು. ಆಮೇಲೆ ದನಿ ಇಳಿಸಿ ಹೇಳಿದಳು: "ಈ ಕಾರು ಹೋತಂದ್ರ ನಾ ಆ ಖೋಲಿ ಒಳಗ ಸಾಯೂದ ಗತಿ. ನಿಮ್ಮಪ್ಪನ ಮನಿ ಅಂಗಳ ಕಾಣೂದಿಲ್ಲ ನಾ ಇನ್ನ. ತಿಳೀತಿಲ್ಲೋ?"

ತಿಳಿಯಿತು. ಕೆನ್ನೆಗೂ ತಿಳಿದಿತ್ತು, ನನಗೂ.

ಕಾರು ನಿಂತಿದ್ದುದು ಅಂಗಳದ ಮೆಣಸಿನಕಾಯಿ ಶೆಡ್ಡಿನಲ್ಲಿ. ಒಂದು ಬದಿಗೆ ಸೂರಿನವರೆಗೆ ದೊಡ್ಡ ಮಾವನ ಚೀಲಗಳು. ಟೈರಿನ ತುಂಡನ್ನು ಕೊಯ್ದು, ಒಲೆಯಲ್ಲಿ ಸರಳು ಕಾಯಿಸಿ ತೂತು ಹಾಕಿ, ಪದರಕ್ಕೆ ಪದರ ಸೇರಿಸಿ ಗದ್ದಿಗೆ ಮಾಡಿದೆ. ಸುಟ್ಟ ರಬ್ಬರಿನ ಹೊಗೆಗೆ ಓಣಿಯ ನಾಯಿಗಳೆಲ್ಲ ಊರು ಬಿಟ್ಟವು. ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ನಾನು ಪಾನಾ ಹಾಕಿ ಜೋತುಬಿದ್ದರೂ ಅಲುಗಲಿಲ್ಲ. ಅತ್ತೆ ನನ್ನನ್ನು ಬದಿಗೆ ನೂಕಿ, ಸುತ್ತಿಗೆ ಎತ್ತಿ ಬಾರಿಸಿದಳು. ಒಂದೊಂದು ಏಟಿಗೂ ಒಂದೊಂದು ಬೈಗುಳ. ಬೋಲ್ಟು ಸುತ್ತಿಗೆಗೆ ಸಡಿಲಾಯಿತೋ ಬೈಗುಳಕ್ಕೋ ಇವತ್ತಿಗೂ ಹೇಳಲಾರೆ.

ಇನ್ನು ಎಂಜಿನ್ನನ್ನು ನಾಲ್ಕು ಬೆರಳು ಎತ್ತಬೇಕು. ಜಾಕು ನೋಡಿದರೆ ಇಲ್ಲ. ಊಟಕ್ಕೆ ಎದ್ದಾಗ ದೊಡ್ಡ ಮಾವನ ಹಮಾಲ ಅದನ್ನು ಎತ್ತಿ ಬಾವಿಗೆ ಹಾಕಿದ್ದ. ಅತ್ತೆ ಬಾವಿಯ ಹಗ್ಗವನ್ನೇ ತಂದಳು. ಶೆಡ್ಡಿನ ತೊಲೆಯ ಮೇಲೆ ಹಾಯಿಸಿ, ಎಂಜಿನ್ನಿಗೆ ಬಿಗಿದು, ಇಬ್ಬರೂ ಕೂಡಿ ಎಳೆದು ತುದಿಯನ್ನು ಕಂಬಕ್ಕೆ ಕಟ್ಟಿದೆವು. ಹಗ್ಗ ಹರಿದರೆ ಎಂದು ಎಂಜಿನ್ನಿನ ಅಡಿಗೆ ಏನಾದರೂ ಕೊಡಬೇಕಿತ್ತು. ಬೇರೆ ಊರಿನವರಾಗಿದ್ದರೆ ಮರದ ದಿಮ್ಮಿ ಹುಡುಕುತ್ತಿದ್ದರು. ಬ್ಯಾಡಗಿಯವರಿಗೆ ಕೂರಲು, ಮಲಗಲು, ಒರಗಲು ಎಲ್ಲಕ್ಕೂ ಮೆಣಸಿನಕಾಯಿ ಚೀಲವೇ. ಅತ್ತೆ ಭಾವನ ಚೀಲಗಳನ್ನೇ ಎಳೆದು ಕಾರಿನಡಿಗೆ ತುರುಕಿದಳು. "ಗಾದಿಗಿಂತ ಮೆತ್ತಗಿರತಾವ," ಎಂದಳು. ನಾನೂ ಬುದ್ಧಿವಂತ, ಹೌದೆಂದೆ.

ಕಾರಿನಡಿಗೆ ತೂರಿ ಮಲಗಿದೆ. ಎಂಜಿನ್ನಿನ ಕಾಲಿಗೂ ಚಾಸಿಗೂ ನಡುವೆ ಬಲಗೈ ಹಾಕಿ ಹಳೆಯ ರಬ್ಬರನ್ನು ಕೆರೆದು ತೆಗೆಯುತ್ತಿದ್ದೆ. ಆಗ ಅಂಗಳದಲ್ಲಿ ಎತ್ತಿನ ಗಾಡಿಯ ಸಪ್ಪಳ. ದೊಡ್ಡ ಮಾವ, ಹಿಂದೆ ಇಬ್ಬರು ಹಮಾಲರು.

"ಎಂಜಿನ್ ಎತ್ತೀರೇನು? ಛಲೋ ಆತು," ಎಂದ ದೊಡ್ಡ ಮಾವ. "ಪೂರಾ ಎತ್ತಿ ಈ ಗಾಡಿ ಒಳಗ ಇಡ್ರಿ. ಮೇಡ್ಲೇರಿಗೆ ಒಯ್ತೇನಿ."

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಹೆಂಗಸು ಗಂಡನ ಅಣ್ಣನೊಡನೆ ನೇರವಾಗಿ ಮಾತನಾಡುವಂತಿರಲಿಲ್ಲ. ಸೆರಗು ಹೊದ್ದು, ಗೋಡೆಗೋ ಕಂಬಕ್ಕೋ ಮಕ್ಕಳಿಗೋ ಹೇಳಬೇಕು, ಅವನು ಕೇಳಿಸಿಕೊಳ್ಳಬೇಕು. ಅತ್ತೆ ಈ ಪದ್ಧತಿಯನ್ನು ಒಂದು ದಿನವೂ ಮುರಿದವಳಲ್ಲ. ಸೆರಗು ಎಳೆದುಕೊಂಡು ಕಂಬಕ್ಕೆ ಹೇಳಿದಳು:

"ಕಂಬಪ್ಪಾ, ನಿಮ್ಮ ಸಾಹುಕಾರಗ ಹೇಳು. ಸನಿವಾರ ಇನ್ನೂ ಬಂದಿಲ್ಲ."

"ಸನಿವಾರ ತನಕ ಯಾಕ ಕಾಯಬೇಕು," ಎಂದು ದೊಡ್ಡ ಮಾವ ಸೊಂಟದಿಂದ ಕುಡಗೋಲು ತೆಗೆದ. ನಾನು ಅಡಿಯಲ್ಲಿರುವುದು ಅವನಿಗೆ ಕಂಡಿತ್ತೋ ಇಲ್ಲವೋ... ಕಂಡಿರಲಿಲ್ಲ ಎಂದೇ ಇಟ್ಟುಕೊಂಡಿದ್ದೇನೆ. ಕಂಬದ ಮೇಲಿನ ಗಂಟಿಗೆ ಒಂದೇ ಏಟು ಹಾಕಿದ.

ಎಂಜಿನ್ನು ಬಿತ್ತು. ಅಡಿಯ ಚೀಲ ಒಂದು ಗಳಿಗೆ ತಡೆದು, ಢಬ್ ಎಂದು ಒಡೆಯಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಇಲ್ಲ ಎಂದು ಹೇಳುವ ಜಾಣರು ಬಹಳ ಇದ್ದಾರೆ. ಅವರು ಆ ಹೊತ್ತು ನನ್ನ ಜಾಗದಲ್ಲಿ ಬಾಯಿ ತೆರೆದು ಮಲಗಿರಬೇಕಿತ್ತು. ಕೆಂಪು ದೂಳು ಶೆಡ್ಡನ್ನು ತುಂಬಿತು. ಕಣ್ಣು ಹೋಯಿತು, ಉಸಿರು ಹೋಯಿತು. ಮೇಲಿಂದ ಕಬ್ಬಿಣ ನನ್ನ ಕೈಯ ಮೇಲೆ ಇಳಿಯುತ್ತಿರುವುದೊಂದೇ ತಿಳಿಯುತ್ತಿತ್ತು. ಕೂಗಿದೆ. ಕೈ ಹೋಯಿತೆಂದೇ ಕೂಗಿದೆ.

ಇಳಿಯುವುದು ನಿಂತಿತು.

ಸರ್ರನೆ ಓಡುತ್ತಿದ್ದ ಹಗ್ಗವನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ನಾರಿನ ಹಗ್ಗ ಅವಳ ಅಂಗೈಯ ಚರ್ಮವನ್ನು ಸುಲಿದುಕೊಂಡು ಹೋಗಿತ್ತು. ಆ ಹಸಿ ಮಾಂಸದ ಮೇಲೆ ಮೆಣಸಿನ ದೂಳು. ಬಿಡಲಿಲ್ಲ. ಕಂಬಕ್ಕೆ ಒಂದು ಸುತ್ತು ಹಾಕಿ, ಕಾಲು ಒತ್ತಿ ಕೂತಳು. ದೊಡ್ಡ ಮಾವ ಕೆಮ್ಮುತ್ತ ಅವಳ ಕೈ ಬಿಡಿಸಲು ಬಂದ. ಅವಳು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದರಿಂದ ಗೋಡೆಗೆ ಒರಗಿಸಿದ್ದ ಒನಕೆ ಎತ್ತಿದಳು. ಭಾವನೊಡನೆ ಮಾತನಾಡಲು ಅಡ್ಡಿಯಿತ್ತು, ಹೊಡೆಯಲು ಯಾರೂ ಅಡ್ಡಿ ಹೇಳಿರಲಿಲ್ಲ.

"ಏ ಹುಡುಗಾ, ನಿಮ್ಮ ದೊಡ್ಡ ಮಾವಗ ಹೇಳೋ, ದೂರ ನಿಲ್ರಿ ಅಂತ!" ಒನಕೆ ಬೀಸಿದ ಸಪ್ಪಳ.

"ದೊಡ್ಡ ಮಾವಾ," ನಾನು ಅಡಿಯಿಂದ ಸೀನುತ್ತ ಕೂಗಿದೆ, "ದೂರ ನಿಲ್ಲಬೇಕಂತ್ರಿ!"

"ನೀ ಹೇಳೂದರೊಳಗ ನನ್ನ ಹಲ್ಲ ಹೋತಲ್ಲೋ ಬಾಡ್ಯಾ!"

"ಹುಡುಗಾ, ಹಲ್ಲಿಗೆ ನಾ ಹೊಡದಿಲ್ಲಂತ ಹೇಳು. ಮೊಣಕಾಲಿಗೆ ಹೊಡದಿದ್ದೆ, ಅವರ ಬಗ್ಗಿದ್ರು!"

ಹಮಾಲರು ಕಣ್ಣು ಕಾಣದೆ ಒಬ್ಬರನ್ನೊಬ್ಬರು ಹಿಡಿದು ಗುದ್ದುತ್ತಿದ್ದರು. ಒಬ್ಬನ ಮೂಗಿನಿಂದ ರಕ್ತ. ದೂಳಿನ ಕೆಂಪು ಯಾವುದು, ರಕ್ತದ ಕೆಂಪು ಯಾವುದು, ಯಾರಿಗೆ ಗೊತ್ತು! ಎತ್ತುಗಳು ಸೀನಿ ಹಗ್ಗ ಕಿತ್ತುಕೊಂಡು ಖಾಲಿ ಗಾಡಿಯೊಡನೆ ಓಡಿದವು. ಹಮಾಲರು ಅವುಗಳ ಹಿಂದೆ, ಎರಡನೆಯ ಏಟು ಮೊಣಕಾಲಿಗೇ ಬಿದ್ದ ದೊಡ್ಡ ಮಾವ ಕುಂಟುತ್ತ ಹಮಾಲರ ಹಿಂದೆ.

ದೂಳು ಇಳಿಯಿತು. ನಾನು ಕೈ ಎಳೆದುಕೊಂಡು ಹೊರಗೆ ಬರಲು ನೋಡಿದೆ.

"ಎಲ್ಲಿಗೆ ಹೊಂಟಿ?" ಎಂದಳು ಅತ್ತೆ. "ನಾ ಹಿಡದೇನಿ. ಹೊಸಾ ರಬ್ಬರ ಹಾಕು, ಲಗೂ."

ಹಾಕಿದೆ. ಅವಳು ಹಗ್ಗ ಹಿಡಿದೇ ಇದ್ದಳು. ಅಂಗೈಯಿಂದ ಹನಿ ಹನಿಯಾಗಿ ಹಗ್ಗದ ಮೇಲೆ ರಕ್ತ ಇಳಿಯುತ್ತಿತ್ತು. ಬೋಲ್ಟು ಬಿಗಿಯುವಷ್ಟು ಹೊತ್ತೂ ಅವಳು ನನ್ನನ್ನು, ನಮ್ಮಪ್ಪನನ್ನು, ಕಾರು ಮಾಡಿದ ವಿಲಾಯತಿಯವನನ್ನು, ಅವನ ಅಪ್ಪನನ್ನು ಬೈಯುತ್ತಿದ್ದಳು. ಅಳಲಿಲ್ಲ. ಅತ್ತವನು ನಾನು, ಮೆಣಸಿನಕಾಯಿಗೆ ಎಂದು ಹೇಳಿಕೊಂಡೆ. ಆ ಸಲ ಒಂದು ಬೋಲ್ಟೂ ಕೈಯಲ್ಲಿ ಉಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಅರ್ಧ ಬ್ಯಾಡಗಿ ಅತ್ತೆಯ ಅಂಗಳದಲ್ಲಿತ್ತು. ಪಂಚರ ಹಿರಿಯ ಹಿಂದಿನ ಗಾದಿಯಲ್ಲಿ ಮಂತ್ರಿಯಂತೆ ಕೂತ. ಅತ್ತೆ ಎರಡೂ ಕೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಮುಂದೆ ಕೂತಳು. ಜೋಳದ ಗುಮ್ಮಿಯಲ್ಲಿ ಬಚ್ಚಿಟ್ಟಿದ್ದ ಡಬ್ಬಿ ಪೆಟ್ರೋಲು ಸುರಿದು ನಾನು ಹ್ಯಾಂಡಲ್ ತಿರುಗಿಸಿದೆ.

ಎಂಜಿನ್ನು ಚಾಲೂ ಆಯಿತು. ಕಾರು ಕುಣಿಯಲಿಲ್ಲ. ದೀಪ ಅಲುಗಲಿಲ್ಲ. ಬಾಗಿಲು ಯಾರಿಗೂ ಬಡಿಯಲಿಲ್ಲ. ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತ ನಿಂತಿತು. ನಾನು ಮೀಸೆ ತಿರುವಿದೆ.

ಅದೇ ತಪ್ಪಾಯಿತು. ಬ್ಯಾಡಗಿಯವರಿಗೆ ಕಾರು ಎಂದರೆ ಕುಣಿಯಬೇಕು.

"ಸತ್ತೈತಿ," ಎಂದ ಪಂಚರ ಹಿರಿಯ, ಬೇಸರದಿಂದ.

"ಇಲ್ರಿ ಅಜ್ಜಾ, ಚಾಲೂ ಐತ್ರಿ."

"ನನಗ ಹೇಳ್ತಿಯೇನೋ? ಮೈ ಅಲಗವಲ್ದು. ನಡಿಯಾಕ ಬರದ ದನಾ ಇದು."

ಜನರೂ ಹೌದು ಹೌದೆಂದರು. ದೊಡ್ಡ ಮಾವ, ಬಾಯಿ ಊದಿದ್ದರೂ, ಕುಂಟುತ್ತ ಮುಂದೆ ಬಂದು ಕಾರಿನ ಮೂತಿಗೆ ಎದೆ ಕೊಟ್ಟು ನಿಂತ. "ಇಳಿಜಾರಿನ್ಯಾಗ ಉಳ್ಳಿಸ್ಕೊಂಡು ಹೋಗಬೇಕಂತ ಮಾಡ್ಯಾರ. ನಾ ಇಲ್ಲೇ ನಿಲ್ತೇನಿ. ಎಂಜಿನ್ನದಾಗ ಜೀವ ಇದ್ರ ನನ್ನ ನೂಕ್ಲಿ, ನೋಡೋಣು!"

ಅತ್ತೆ ಸೆರಗು ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದಳು. "ನಿಮ್ಮ ದೊಡ್ಡ ಮಾವಾರು ಕೇಳಾಕತ್ತಾರ. ಹಿರ್ಯಾರ ಮಾತಿಗೆ ಇಲ್ಲಾ ಅನಬಾರ್ದು."

ನಾನು ಕ್ಲಚ್ಚು ಬಿಟ್ಟೆ. ಸದ್ದಿಲ್ಲದೆ ಕಾರು ನಡೆಯಿತು. ದೊಡ್ಡ ಮಾವ ಮೊದಲು ಎರಡೂ ಕೈಯಿಂದ ತಡೆದ, ಆಮೇಲೆ ಹಿಮ್ಮುಖವಾಗಿ ನಡೆದ, ಆಮೇಲೆ ಓಡಿದ, ಕೊನೆಗೆ ಅಂಗಳದಲ್ಲಿ ಒಣಗಲು ಹಾಕಿದ್ದ ತನ್ನದೇ ಮೆಣಸಿನಕಾಯಿ ರಾಶಿಯ ಮೇಲೆ ಬೆನ್ನು ಅಡಿಯಾಗಿ ಬಿದ್ದ. ಅವನ ಕಾಲಿಗೆ ಗೇಣಿನಷ್ಟು ದೂರದಲ್ಲಿ ಬ್ರೇಕು ಹಾಕಿದೆ. ಹಾಕಬೇಡ ಎನ್ನುವಂತೆ ಅತ್ತೆ ನೋಡಿದಳು.

"ಜೀವ ಐತಿ!" ಎಂದು ಪಂಚರ ಹಿರಿಯ ಹಿಂದಿನಿಂದ ಕೂಗಿದ.

ಕದರಮಂಡಲಗಿಗೆ ಹೋಗಿ ಗುಡಿ ಸುತ್ತಿ ಬಂದೆವು. ಬ್ಯಾಡಗಿಯ ಅಂಗಳಕ್ಕೆ ಬಂದು ಎಲ್ಲರಿಗೂ ಕಾಣುವಂತೆ ಒಂದು ಸುತ್ತು ಹೊಡೆದದ್ದಾಯಿತು. ನಿಲ್ಲಿಸಲು ಹೋದರೆ ಅತ್ತೆ ಬಟ್ಟೆ ಸುತ್ತಿದ ಕೈಯಿಂದಲೇ ನನ್ನ ತಲೆಗೆ ಮೊಟಕಿದಳು. "ನಿಲ್ಲಸಬ್ಯಾಡ. ಗುತ್ತಲಕ್ಕ ನಡಿ."

"ನಾ ಇಳೀತೇನಿ ತಡೀರಿ!" ಎಂದ ಪಂಚರ ಹಿರಿಯ.

"ಕುಂದ್ರಿ ಸುಮ್ನ," ಎಂದಳು ಅತ್ತೆ. "ಬೀಗರ ಮನಿ ಊಟ ಮಾಡಿ ಬರೀರಂತ."

ಊರು ದಾಟಿದ ಮೇಲೆ, ಹೊಲಗಳ ನಡುವೆ, ಅವಳು ತಲೆಯ ಮೇಲಿನ ಸೆರಗು ಜಾರಲು ಬಿಟ್ಟಳು. ವರ್ಷದ ಮೇಲೆ ಅವಳ ಮುಖಕ್ಕೆ ಗಾಳಿ ಬಡಿದದ್ದು ಅವತ್ತು. ನಾನು ರಸ್ತೆ ನೋಡುತ್ತಿದ್ದೆ. ಪಂಚರ ಹಿರಿಯ ಕೂಡ ಕಿಟಕಿಯ ಹೊರಗೆ ನೋಡುತ್ತ ಕೂತ...

ಆ ರಬ್ಬರು ಎಷ್ಟೋ ವರ್ಷ ಬಂತು. ಕಾರು ಹೋಯಿತು, ಶೆಡ್ಡು ಹೋಯಿತು. ದೊಡ್ಡ ಮಾವನೂ ಹೋದ. ಅವನ ಹೆಣದ ಮುಂದೆ ಅತ್ತೆ ಸೆರಗು ಹೊದ್ದು ನಿಂತು ಕಂಬಕ್ಕೆ ಏನೋ ಹೇಳಿದ್ದನ್ನು ನಾನೇ ನೋಡಿದ್ದೇನೆ. ಅವಳ ಅಂಗೈ ಮಾತ್ರ ಸುಕ್ಕಾಗಿ ಕೂಡಿಕೊಂಡಿತು, ಬೆರಳು ಪೂರ್ತಿ ಬಿಚ್ಚಲು ಬರುತ್ತಿರಲಿಲ್ಲ. ಅದರಿಂದ ಏಟಿನ ತೂಕ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ನನಗೆ ಮೊಮ್ಮಕ್ಕಳಾದ ಮೇಲೂ, ಅವರ ಎದುರಿಗೇ ಹೊಡೆಯುತ್ತಿದ್ದಳು.

ಕೊನೆಯ ಸಲ ನೋಡಿದ್ದು ಗುತ್ತಲದಲ್ಲಿ, ತವರಿನ ಪಡಸಾಲೆಯಲ್ಲಿ. ಹಾಸಿಗೆ ಹಿಡಿದಿದ್ದಳು. ನಾನು ಹೋಗಿ ಕೂತು, "ಅತ್ತಿ, ಬಂದೇನಿ," ಎಂದೆ. ತಡವಾಗಿ ಬಂದೆನೆಂದು ಛಟಾರನೆ ಬಾರಿಸಿದಳು. ಕನ್ನಡಕ ಹಾರಿ ಮೂಲೆಗೆ ಬಿತ್ತು. ಮರುದಿನ ಅವಳಿರಲಿಲ್ಲ.

ಈಗ ನನ್ನನ್ನು ಹೊಡೆಯುವವರು ಯಾರೂ ಇಲ್ಲ. ಅಜ್ಜಾ, ಹುಷಾರು, ಮೆಟ್ಟಿಲಿದೆ ಎಂದು ಕೈ ಹಿಡಿಯುವವರೇ ಎಲ್ಲ.

ಇಷ್ಟರಲ್ಲಿ ಒಂದೇ ಒಂದು ನಾನು ಕಟ್ಟಿ ಹೇಳಿದ್ದು. ಒಡೆದ ಚೀಲ ಖರೆ, ಹಗ್ಗ ಖರೆ, ದೊಡ್ಡ ಮಾವನ ಹಲ್ಲು ಖರೆ. ಆ ಕೊನೆಯ ಏಟು ಮಾತ್ರ ಸುಳ್ಳು. ಅವಳು ಹೊಡೆಯಬೇಕೆಂದು ಕೈ ಎತ್ತಲು ನೋಡಿದಳು, ಏಳಲಿಲ್ಲ. ನಾನೇ ಬಗ್ಗಿ ಆ ಕೈಗೆ ಕೆನ್ನೆ ಕೊಟ್ಟೆ.